ಹತ್ತನೆಯ ಉಗುರು

ಪೊಲ್ಯೂಷನ್ ಆಫೀಸಿನವರು ಬಂದು
ಮುಂಡ್ರಿಗಿಯ ಜೀನ್ಸ್ ವಾಷಿಂಗ್ ಯೂನಿಟ್ಟಿಗೆ ಬೀಗ ಜಡಿದ ಮೇಲೆ
ಇಪ್ಪತ್ತೆರಡನೇ ದಿನಕ್ಕೆ
ಎರ್ರಿಸ್ವಾಮಿಯ ಕೈಗೆ ಅದರ ಸ್ವಂತ ಬಣ್ಣ ಬಂತು.

ಹನ್ನೊಂದು ವರ್ಷದ ಸಂಸಾರ.
ಈ ಕೈ ಹೀಗಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.
ಮಗಳ ಕೆನ್ನೆ ಹಿಂಡಿದರೆ
ಕೆನ್ನೆಗೆ ನೀಲಿ ಹತ್ತಿತೇನೋ ಎಂದು
ನೋಡುವುದೇ ರೂಢಿಯಾಗಿತ್ತು.

ಅಂಗಳದ ಬಿಸಿಲಲ್ಲಿ ಕೂರಿಸಿ ಉಗುರು ತೆಗೆದೆ.
ಒಂಬತ್ತು, ಹಸಿ ಶೇಂಗಾದ ಹಾಗೆ ತಿಳಿ ಗುಲಾಬಿ.
ಹತ್ತನೆಯದು, ಬಲಗೈ ಹೆಬ್ಬೆರಳಿನದು,
ನಟ್ಟನಡುವೆ ಒಂದು ಕರೀ ಗೆರೆ ಇಟ್ಟುಕೊಂಡಿತ್ತು.

"ಬಣ್ಣ ಅದು. ಹೋಗ್ತೈತೆ ಬಿಡು."

ಬಣ್ಣದ ಮಾತು ನನ್ನ ಹತ್ತಿರವೇ?
ದಿನಕ್ಕೆ ನೂರಿಪ್ಪತ್ತು ಪ್ಯಾಂಟಿಗೆ ಗುಂಡಿ ಕೂರಿಸುವವಳು ನಾನು.
ಬಣ್ಣ ಮೇಲಿನಿಂದ ಬರುತ್ತದೆ, ಅಂಚಲ್ಲಿ ಸವೆಯುತ್ತದೆ,
ಮೊಣಕಾಲಲ್ಲಿ ಮೊದಲು ಸೋಲುತ್ತದೆ.
ಇದು ಬುಡದಿಂದ ಬರುತ್ತಿತ್ತು.
ಬುಡದಲ್ಲಿ ಅಗಲ, ತುದಿಯಲ್ಲಿ ಸಣ್ಣ,
ಉಗುರು ಮುಗಿದು ಚರ್ಮ ಶುರುವಾಗುವಲ್ಲಿ
ಹೊಲಿಗೆ ದಾಟಿ ಸೋರಿದ ಹಾಗೆ
ಒಂದಿಷ್ಟು ಕಪ್ಪು.

ಟೇಪು ಹಿಡಿದೆ. ಮೂರು ಮಿಲಿಮೀಟರು.
ಗುಂಡಿ ಲೆಕ್ಕದ ಪುಸ್ತಕದಲ್ಲಿ ತಾರೀಖು ಹಾಕಿ ಬರೆದೆ.
ಅತ್ತೆ, "ಏಟು ಬಿದ್ದಿರಬೇಕು, ಅರಿಶಿನ ಹಚ್ಚು" ಅಂದರು.
ಪಕ್ಕದ ಮನೆ ಗೌಸಿಯಾ, "ಹೆಬ್ಬೆರಳ ಗೆರೆ ರೊಕ್ಕ ತರ್ತದೆ" ಅಂದಳು.
ನೋಯ್ತದಾ ಎಂದು ಕೇಳಿದೆ. ಇಲ್ಲ ಅಂದ.
ಅದೇ ನನಗೆ ಸರಿಬರಲಿಲ್ಲ.
ನೋಯದ ಬೆರಳಿಗೆ ಯಾರು ಚೀಟಿ ಮಾಡಿಸುತ್ತಾರೆ?

ನಾನು ಮಾಡಿಸಿದೆ, ಐದು ವಾರ ಕಾದು,
ಪುಸ್ತಕದಲ್ಲಿ ಮೂರು ಮೂರೂವರೆಯಾದ ಮರುದಿನ.
ಆ ಐದು ವಾರ ಈಗಲೂ ಗಂಟಲಲ್ಲಿದೆ.

ದೊಡ್ಡಾಸ್ಪತ್ರೆಯಲ್ಲಿ ನಮ್ಮ ಮುಂದೆ
ಬಂಗು, ತುರಿ, ಹುಳುಕಡ್ಡಿ, ಹದಿನೇಳು ಜನ.
ಡಾಕ್ಟರಮ್ಮ ದೀಪದ ಮಸೂರ ಇಟ್ಟು
ಬಗ್ಗಿದವರು ಬಗ್ಗಿಯೇ ಇದ್ದರು.
"ಎಷ್ಟು ದಿನದಿಂದ?"
ಅವನು "ಮೊನ್ನೆ" ಅಂದ.
ನಾನು ಪುಸ್ತಕ ತೆರೆದೆ.

ಚಪ್ಪಲಿ ಬಿಡಿಸಿದರು. ಅಂಗಾಲು, ಬೆರಳ ಸಂದು,
ಅಂಗೈ, ಬಾಯಿಯ ಒಳಗೂ.
ನಮ್ಮಂಥ ಮೈಬಣ್ಣದವರಲ್ಲಿ ಇದು ಹೆಚ್ಚಾಗಿ
ಬಿಸಿಲು ತಾಗದ ಕಡೆಯೇ ಕೂತಿರುತ್ತದಂತೆ.
ಬಳ್ಳಾರಿ ಬಿಸಿಲನ್ನು ನಾನು ಬೈದದ್ದಕ್ಕೆ ಲೆಕ್ಕವಿಲ್ಲ.
ಅವತ್ತು ಅದರ ತಪ್ಪಿರಲಿಲ್ಲ.

ಚೂರು ತೆಗೆದರು. ಹದಿಮೂರು ದಿನ.
ರೋಗದ ಹೆಸರನ್ನು ಬಿಟ್ಟು
"ಮೇಲ್ಪದರದಲ್ಲೇ ಇದೆ, ಕೆಳಗಿಳಿದಿಲ್ಲ" ಎಂದು ಅವರು ಹೇಳಿದ್ದನ್ನಷ್ಟೇ
ಆಟೋದಲ್ಲಿ ನಾಲ್ಕು ಸಲ ಬಾಯಿಪಾಠ ಮಾಡಿದೆ.

ಉಗುರು ಹೋಯಿತು. ಅದು ಕೂತಿದ್ದ ಗದ್ದುಗೆಯೂ ಹೋಯಿತು.
ತೊಡೆಯ ಚರ್ಮ ತಂದು ತೇಪೆ ಹಾಕಿದರು.
"ಹೊಲಿಗೆ ಹೆಂಗೈತೆ ನೋಡೇ," ಅಂದ.
ನೋಡಿದೆ. ನನ್ನ ಹೊಲಿಗೆಯಷ್ಟು ಸಮ ಇರಲಿಲ್ಲ.
ಹೇಳಲಿಲ್ಲ.

ಯೂನಿಟ್ಟು ತೆರೆದಿದೆ. ಕೈಗೆ ಗ್ಲೌಸು.
ಬಣ್ಣದಿಂದ ಬಂದದ್ದಲ್ಲ ಅಂದಿದ್ದಾರೆ, ಸರಿ,
ಆದರೂ ಉಗುರು ಕಾಣಬೇಕಲ್ಲ.

ಅಮಾವಾಸ್ಯೆಗೆ ರಜೆ.
ಮಗಳನ್ನು ಗೌಸಿಯಾಳ ಮನೆಗೆ ಕಳಿಸಿ ಕದ ಹಾಕುತ್ತೇವೆ.
ಅವನ ಅಂಗಾಲು ನನ್ನ ಮಡಿಲಲ್ಲಿ, ಮೊದಲು.
ಆಮೇಲೆ ನಾನು ಕಾಣಲಾರದ ನನ್ನ ಬೆನ್ನು ಅವನಿಗೆ.
ಎಡ ಭುಜದ ಕೆಳಗಿನ ಮಚ್ಚೆಗೆ ಟೇಪು ಹಿಡಿದು,
ಉಗುರಿಲ್ಲದ ಹೆಬ್ಬೆರಳನ್ನು ಅದರ ಸುತ್ತ ಒಮ್ಮೆ ತಿರುಗಿಸಿ,
"ಹೋದ ಸಲದಷ್ಟೇ ಐತೆ," ಅನ್ನುತ್ತಾನೆ.

ಗುಂಡಿ ಲೆಕ್ಕದ ಕೆಳಗೆ ಬರೆದುಕೊಳ್ಳುತ್ತೇನೆ:
ಸುಂಕಮ್ಮ, ಬೆನ್ನು, ನಾಲ್ಕು.