ಅರ್ತಿಂಗ್ ಗುಂಡಿ

ಬಿಜೈಯ ಈ ಕಟ್ಟಡದ ಹಿಂದೆ, ಜನರೇಟರಿನ ಪಕ್ಕ,
ಸಿಮೆಂಟು ಮುಚ್ಚಳದ ಒಂದು ಗುಂಡಿ ಉಂಟು.
ದಿನಾ ಸಂಜೆ ಅದಕ್ಕೆ ಎರಡು ಕೊಡ ನೀರು ಹೊಯ್ಯುತ್ತೇನೆ.
ವಾಚ್‌ಮನ್ ಐತಪ್ಪ ಕೇಳುತ್ತಾನೆ: ಎಂತ ನೆಟ್ಟದ್ದು ಬಾಯಮ್ಮ?
ಚಿಗುರುವುದುಂಟಾ?

ಟೆಲಿಫೋನು ಆಫೀಸಿನಲ್ಲಿ ಮೂವತ್ತೊಂದು ವರ್ಷ
ತಂತಿಗೆ ತಂತಿ ಸೇರಿಸಿದ ಕೈ ಇದು.
ನಿವೃತ್ತಿಯ ಮರುತಿಂಗಳೇ ಕರೆ ಬಂತು:
ಹೊರದೇಶದ ಹನ್ನೆರಡು ಜನ, ಹತ್ತು ವಾರ,
ಹಿಂದಿರುಗಿ ತಮ್ಮ ಊರಿನ ನೆಟ್‌ವರ್ಕು ತಾವೇ ಕಟ್ಟಬೇಕು,
ಕೆಟ್ಟರೆ ತಾವೇ ಎಬ್ಬಿಸಬೇಕು.
ರೌಟರಿನ ಶಾಸ್ತ್ರಕ್ಕೆ ಟೈ ಕಟ್ಟಿದ ಮಾಸ್ತರರಿದ್ದರು.
ನನ್ನ ಪಾಲಿಗೆ ಕೇಬಲು.

ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ,
ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು.
ಜಪಮಾಲೆಯ ಹಾಗೆ ಎಣಿಸಿ, ಎಂದೆ.
ಭೂತಾನದ ಯಾಂಗ್‌ಚೆನ್ ನಕ್ಕು ಬ್ಯಾಗಿನಿಂದ ತನ್ನದನ್ನು ತೆಗೆದಳು,
ಮಣಿ ನೂರೆಂಟು.
ಮೊದಲ ವಾರ ಹಾಳಾದ ಕನೆಕ್ಟರು ಇನ್ನೂರ ಹದಿನಾಲ್ಕು.
ಐಸ್‌ಕ್ರೀಮಿನ ಡಬ್ಬಿಯಲ್ಲಿ ಹಾಗೇ ಇವೆ,
ಎಸೆಯಲು ಮನಸ್ಸು ಬರಲಿಲ್ಲ.

ಟೀಮೋರಿನ ಡೊಮಿಂಗಾಸ್‌ಗೂ ನನಗೂ ನಡುವೆ
ಇಂಗ್ಲಿಷು ಕುಂಟುತ್ತಿತ್ತು.
ಒಂದು ದಿನ ಆಯಾಗೆ ಕೊಂಕಣಿಯಲ್ಲಿ ಹೇಳಿದೆ: ಜನೆಲ್ ಧಾಂಪ್.
ಡೊಮಿಂಗಾಸ್ ಎದ್ದು ಕಿಟಕಿಯ ಬಳಿ ಹೋಗಿ ನಿಂತಳು,
ಮುಚ್ಚಲೋ ತೆರೆಯಲೋ ಗೊತ್ತಾಗದೆ.
ಜನೆಲ, ಮೇಜು, ಚಾವಿ:
ಯಾವ ಕಾಲದ ಹಡಗು ಇಳಿಸಿ ಹೋದ ಪದಗಳೋ,
ಅವಳ ದಡದಲ್ಲೂ ನಮ್ಮ ದಡದಲ್ಲೂ.
ಹಡಗಿನವರ ಮೇಲೆ ಇಬ್ಬರಿಗೂ ಪ್ರೀತಿಯಿಲ್ಲ,
ಪದ ಮಾತ್ರ ಇಟ್ಟುಕೊಂಡೆವು.
ಆಮೇಲೆ ಲ್ಯಾಬಿನಲ್ಲಿ ಪಾಸ್‌ವರ್ಡಿಗೆ ಎಲ್ಲರೂ ಚಾವಿ ಎಂದೇ ಅಂದರು.

ಏಪ್ರಿಲ್ ಕೊನೆ. ಸಂಜೆ ನಾಲ್ಕಕ್ಕೆ ಘಟ್ಟದ ಕಡೆ ಕಪ್ಪು.
ಒಂದೇ ಸಿಡಿಲು.
ನಾಲ್ಕು ಸ್ವಿಚ್ಚು, ಎರಡು ಸರ್ವರು,
ಕೋಣೆ ತುಂಬ ಸೀದ ಮೀನಿನ ವಾಸನೆ.
ಟೈ ಕಟ್ಟಿದವರು ವಾರಂಟಿಯ ಕಾಗದ ಹುಡುಕಿದರು.
ಮಲಾವಿಯ ಚಿಸೋಮೊ ಮಾತಾಡದೆ ಹಿತ್ತಲಿಗೆ ಹೋಗಿ,
ಮುಚ್ಚಳ ಸರಿಸಿ, ಭುಜದವರೆಗೆ ಕೈ ಇಳಿಸಿ,
ಹಿಡಿ ಮಣ್ಣು ತಂದು ನನ್ನ ಮೇಜಿನ ಮೇಲೆ ಸುರಿದ.
ಪುಡಿ. ಮುರಕಲ್ಲಿನ ಕೆಂಪು ಒಣ ಪುಡಿ.

ನಿಮ್ಮ ನೆಲಕ್ಕೆ ಬಾಯಾರಿಕೆ ಮೇಡಂ, ಎಂದ.
ಸಿಡಿಲು ಇಳಿಯಲು ಬಂತು, ಒಣ ನೆಲ ಒಳಗೆ ಬಿಡಲಿಲ್ಲ,
ಲ್ಯಾಬಿನ ಮೇಲೆ ಹಾದುಹೋಯಿತು.
ನಮ್ಮ ಆಸ್ಪತ್ರೆಯ ಟವರಿಗೆ ವರ್ಷಕ್ಕೆ ಆರು ಸಲ ಹೊಡೆಯುತ್ತದೆ,
ಹೊಸ ಸ್ವಿಚ್ಚು ಬರಲು ಎಂಟು ತಿಂಗಳು.
ಅದಕ್ಕೇ ನೀರು.

ಮೂವತ್ತೊಂದು ವರ್ಷ
ಭೂಮಿಗೆ ತಂತಿ ಇಳಿಸಿದ್ದೆ.
ಭೂಮಿ ಹೇಗಿದೆ ಎಂದು ಕೇಳಿರಲಿಲ್ಲ.

ಬಂದರಿನಿಂದ ಕಲ್ಲುಪ್ಪು, ಇದ್ದಿಲು ತಂದೆವು.
ಬಾವಿಯಿಂದ ಗುಂಡಿಯವರೆಗೆ ಹನ್ನೆರಡು ಜನ ಸಾಲು ನಿಂತು
ಕೊಡ ದಾಟಿಸಿದರು.
ಯಾಂಗ್‌ಚೆನ್ ಮೀಟರು ಓದಿದಳು: ನಲವತ್ತೊಂದು ಓಂ.
ಹದಿನೆಂಟು.
ಕತ್ತಲಾಗುವಾಗ, ನಾಲ್ಕು.
ಚಪ್ಪಾಳೆ ಹೊಡೆದದ್ದು ಯಾರು ಮೊದಲು ನೆನಪಿಲ್ಲ,
ಗೋಳಿಬಜೆ ತರಿಸಿದ್ದು ನಾನು.
ಪಾಠಪಟ್ಟಿಯಲ್ಲಿ ಆ ಪಾಠ ಇರಲಿಲ್ಲ,
ಅವರ ಸರ್ಟಿಫಿಕೇಟಿನಲ್ಲೂ ಇಲ್ಲ.

ಈಗ ಮತ್ತೆ ಮಾರ್ಚ್. ನೆಲ ಬಿರಿಯುವ ಕಾಲ.
ನಿನ್ನೆ ರಾತ್ರಿ ಚಿಸೋಮೊನ ಸಂದೇಶ:
ಟವರು ಎದ್ದಿದೆ ಮೇಡಂ, ಈ ನಂಬರಿಗೊಮ್ಮೆ ಪಿಂಗ್ ಮಾಡಿ.
ಕನ್ನಡಕ ಹುಡುಕಿ ಒಂದೊಂದೇ ಅಂಕಿ ಒತ್ತಿದೆ.
ಕಳಿಸಿದ್ದು ನಾಲ್ಕು. ಮರಳಿದ್ದು ಮೂರು.
ಒಂದು ಕಡಲಡಿಯಲ್ಲೋ, ಅವನ ಊರಿನ ದಾರಿಯಲ್ಲೋ.

ಪರವಾಗಿಲ್ಲ, ಮೂರು ಸಾಕು, ಎಂದು ಬರೆದೆ.
ಅಳಿಸಿದೆ.
ಸಾಲದು, ಎಂದು ಬರೆದೆ. ಎಲ್ಲೋ ಒಂದು ತಂತಿ
ಸರಿಯಾಗಿ ಕಚ್ಚಿಲ್ಲ. ಬಿಚ್ಚಿ ಮತ್ತೆ ಮಾಡು.

ತುಸು ಹೊತ್ತಿಗೆ ಉತ್ತರ:
ಸರಿ ಮೇಡಂ.
ಇವತ್ತು ನೀರು ಹಾಕಿದಿರಾ?