ಬಟಾಣಿ ಕಾಳಿನಷ್ಟು

ಒಂದು ಕ್ಲಿಕ್ಕಿಗೆ ಒಂದು ಮೊಡವೆ.
ನೆಹರೂ ರಸ್ತೆಯ ಸ್ಟುಡಿಯೋದಲ್ಲಿ ನನ್ನ ಕೆಲಸ ಇದು:
ಮದುಮಗಳ ಗಲ್ಲ, ಪಿಯುಸಿ ಹುಡುಗನ ಹಣೆ,
ಪಕ್ಕದ ಒಳ್ಳೆ ಚರ್ಮ ಕದ್ದು
ಕೆಟ್ಟದ್ದರ ಮೇಲೆ ಹಚ್ಚುವುದು.
ಮೊಡವೆ ತೆಗೆದದ್ದಕ್ಕೆ ಬೇರೆ ದುಡ್ಡಿಲ್ಲ.

ಮಾನಿಟರ್ ಆಫ್ ಮಾಡಿದರೆ
ಕಪ್ಪು ಗಾಜಿನಲ್ಲಿ ನನ್ನ ಮುಖ.
ಕೊರೊನಾ ಹೋಗಿ ವರ್ಷಗಳಾದರೂ
ನಾನು ಮಾಸ್ಕ್ ಬಿಟ್ಟಿರಲಿಲ್ಲ.

ಚಿಕ್ಕಮ್ಮ ಜಾಜಿಕಾಯಿ ತೇದಳು.
ಇಮ್ತಿಯಾಜ್ ಟೂತ್‌ಪೇಸ್ಟ್ ಅಂದ.
ಮೆಡಿಕಲ್ ಶಾಪಿನವ ಚೀಟಿ ಕೇಳದೆ
ಒಂದು ಕ್ರೀಮು ಕೊಟ್ಟ. ಹದಿನೈದು ದಿನ
ಸಿನಿಮಾ ಪೋಸ್ಟರ್ ಆಗಿದ್ದೆ.
ಹದಿನಾರನೇ ದಿನ ಮುಖ ಪೂರ್ತಿ ಎದ್ದು ಬಂತು,
ತಡೆದಿಟ್ಟ ಬೈಗುಳವೆಲ್ಲ ಒಟ್ಟಿಗೆ ಬಂದ ಹಾಗೆ.

ದುರ್ಗಿಗುಡಿಯ ಡಾಕ್ಟರ್ ಮಂದಾಕಿನಿ
ಆ ಟ್ಯೂಬನ್ನು ಎರಡೇ ಬೆರಳಲ್ಲಿ ಎತ್ತಿ
ಬುಟ್ಟಿಗೆ ಹಾಕಿದರು. ಬರೆದರು:
ಬೆಳಗ್ಗೆ ಒಂದು ಜೆಲ್, ರಾತ್ರಿ ಇನ್ನೊಂದು.
"ಬೆಳಗಿನದು ಆಂಟಿಬಯೋಟಿಕ್. ಅದೊಂದನ್ನೇ ಹಚ್ಚಬೇಡ,
ಒಂಟಿಯಾಗಿ ಹೋದರೆ ಕ್ರಿಮಿಗಳು ಅದರ ಗುಟ್ಟು ಕಲಿತುಬಿಡ್ತವೆ.
ಬಟಾಣಿ ಕಾಳಿನಷ್ಟು. ಇಡೀ ಮುಖಕ್ಕೆ. ಹನ್ನೆರಡು ವಾರ."
ಬಟಾಣಿ ಹಸಿಯದೋ ಒಣಗಿದ್ದೋ,
ಕೇಳಲು ನಾಚಿಕೆಯಾಯಿತು.

ಒಂದನೇ ವಾರ ಉರಿ.
ಎರಡನೆಯದು ಗದ್ದದ ಮೇಲೆ ಸಿಪ್ಪೆ, ಹುರುಳಿ ಹೊಟ್ಟಿನ ಹಾಗೆ.
ಮೂರನೆಯದರಲ್ಲಿ ಏನೂ ಇಲ್ಲ.
ನಾಲ್ಕನೇ ವಾರ ಅಮ್ಮ ಕೂಗಿದಳು:
ಮೆರೂನ್ ಟವೆಲಿನಲ್ಲಿ ಬಿಳಿ ಬಿಳಿ ಕಲೆ,
ದಿಂಬಿನ ಕವರಿನಲ್ಲಿ ನನ್ನ ಎಡಗೆನ್ನೆಯ ಅಚ್ಚು.
"ಬಟ್ಟೆ ಬಣ್ಣ ತಿನ್ನೋ ಔಷಧಿ ಮುಖ ಬಿಟ್ಟೀತೇನೋ?"
ಎರಡು ದಿನ ಯಾವುದನ್ನೂ ಹಚ್ಚಲಿಲ್ಲ.
ಮೂರನೇ ದಿನ, ಕ್ರಿಮಿಗಳೆಲ್ಲ ಬೆಂಚಿನ ಮೇಲೆ ಕೂತು
ಪಾಠ ಬರೆದುಕೊಳ್ಳುತ್ತಿರುವಂತೆ ಅನಿಸಿ, ಹಚ್ಚಿದೆ.
ನಾನು ಗಣಿತದಲ್ಲಿ ಎರಡು ಸಲ ಫೇಲು.
ಅವು ಪಾಸಾಗುವುದು ಬೇಡ.

ಆರನೇ ವಾರ ಹೊಳೆಹೊನ್ನೂರಿನ ಗಿರಿಜವ್ವ
ಪಿಂಚಣಿ ಫೋಟೋ ವಾಪಸ್ಸು ಹಿಡಿದು ಬಂದಳು.
"ನನ್ನ ಮಚ್ಚೆ ಎಲ್ಲೋ?"
ಮೂಗಿನ ಪಕ್ಕ, ಕಡಲೆಯಷ್ಟು. ಮೊಡವೆ ಅಂದುಕೊಂಡು
ನಾನೇ ಒರೆಸಿದ್ದೆ.
"ನಮ್ಮನೆಯವರು ಕತ್ತಲಲ್ಲಿ ಮುಟ್ಟಿ ಗುರುತು ಹಿಡಿಯೋರು.
ಬ್ಯಾಂಕಿನವರಿಗೆ ಹಗಲಲ್ಲೇ ಸಿಗಲಿಲ್ಲ."
ಮತ್ತೆ ತೆಗೆದೆ. ಹಾಗೇ ಬಿಟ್ಟೆ. ದುಡ್ಡು ಬೇಡವೆಂದೆ.
ಹೋಗುವಾಗ ನನ್ನನ್ನೇ ದಿಟ್ಟಿಸಿ
"ಬೆಲ್ಲ ಜಾಸ್ತಿ ತಿಂತೀಯೇನು?" ಎಂದಳು.

ಈಗ ಹತ್ತನೇ ವಾರ. ಹೊಸದು ಕಡಿಮೆ. ಹಳೆಯವು
ಕಂದು ಗುರುತಾಗಿ ಕೂತಿವೆ,
ಮನೆ ಖಾಲಿ ಮಾಡದ ಬಾಡಿಗೆದಾರರು.
ಲೈಸೆನ್ಸಿಗೆ ನನ್ನದೇ ಫೋಟೋ ಬೇಕಿತ್ತು.
ಓನರ್ ಫೆಲಿಕ್ಸಣ್ಣ ಗದ್ದ ಎತ್ತಿಸಿ ಬೆಳಕು ಚೆಲ್ಲಿದ.
ನಾನೂರು ಪರ್ಸೆಂಟ್ ಹಿಗ್ಗಿಸಿ ಕೂತೆ.
ಯಾವುದು ಹೋಗುವಂಥದ್ದು, ಯಾವುದು ನನ್ನದು?
ಮೌಸಿನ ಮೇಲೆ ಬೆರಳು ಬಹಳ ಹೊತ್ತು ಇತ್ತು.
ಎರಡು ತೆಗೆದೆ.
ಸುಳ್ಳೇಕೆ, ಮೂರು.

ಇವತ್ತು ಬೆಳಗ್ಗೆ ಟ್ಯೂಬಿನ ಬಾಲ ಸುತ್ತಿ ಸುತ್ತಿ ಒತ್ತಿದರೂ
ಅರ್ಧ ಬಟಾಣಿ.
ಚೀಟಿ ಜೇಬಿಗಿಟ್ಟು ದುರ್ಗಿಗುಡಿಗೆ ಹೊರಟೆ.
ಗೋಪಿ ಸರ್ಕಲ್ ದಾಟಿದ ಮೇಲೆ ನೆನಪಾಯಿತು,
ಮಾಸ್ಕ್ ಮನೆಯಲ್ಲೇ ಇದೆ.