ಜೂನ್ ಒಂದು

ಬ್ಯಾಂಕಿನ ಹುಡುಗ ಪರದೆ ನನ್ನ ಕಡೆ ತಿರುವಿದ.
ಆರುನೂರರ ಕೆಳಗ ಒಂದು ಅಂಕಿ, ಕೆಂಪಗ.
"ಮೌಶಿ, ಉದಗೀರದಾಗ ಮೋಟಾರ್‌ಸೈಕಲ್ ತಗೊಂಡೀರಿ.
ಹದಿನಾಲ್ಕು ಹಪ್ತಾ ಬಾಕಿ."

ನಾ ಉದಗೀರ ನೋಡಿಲ್ಲ.
ಸಾದಾ ಸೈಕಲ್ಲೂ ಹೊಡ್ಯಾಕ ಬರೂದಿಲ್ಲ ನನಗ.
ಅಕ್ಕಲಕೋಟದಾಗ, ಮೈಂದರ್ಗಿ ರಸ್ತಾಕ, ನನ್ನ ಗಿರಣಿ.
ಮೊದಲನೇ ಮೋಟರಿನ ಸಾಲ
ಐದನೇ ತಾರೀಖು ಒಮ್ಮೆನೂ ತಪ್ಪಸದ ಮುಗಿಸಿದವಳು ನಾ.
ಈಗ ಖಾರ ಕುಟ್ಟೂ ಡಂಕ ಒಂದು ಬೇಕಾಗಿತ್ತು,
ಅಷ್ಟ.

"ಹೆಸರು ಹೊಂದತದಲ್ಲ" ಅಂದ.
ನೀಲಾಬಾಯಿ ಸಿದ್ರಾಮ ಹತ್ತೂರೆ.
ತವರಮನ್ಯಾಗ ನಾ ನೀಲವ್ವ.
ಸಾಲಿಗೆ ಹಚ್ಚಿದ ದಿನ ಗುರುಜಿ
ಅವ್ವನ್ನ ತಗದು ಬಾಯಿ ಹಾಕಿದರು.
ರೇಶನ್ ಕಾರ್ಡಿನ ಕ್ಲರ್ಕ
ಗಂಡನ ಹತ್ತೂರಿನ ತಲಿಮ್ಯಾಲೆ ಒಂದು ಮಾತ್ರಾ ಏರಿಸಿದ.
ಹಿಂಗ ಎರಡು ಕಚೇರಿ ದಾಟೂದ್ರಾಗ
ನಾ ಯಾರಾರ ಆಗಬಹುದಾಗಿತ್ತು.

"ಹುಟ್ಟಿದ ದಿನಾನೂ ಹೊಂದತದ.
ಜೂನ್ ಒಂದು."
ಇದಕ್ಕ ನಾ ನಕ್ಕಬಿಟ್ಟೆ.
ತಮ್ಮಾ, ನಮ್ಮ ಓಣಿಗೆ ಓಣಿನೇ ಜೂನ್ ಒಂದು.
ಅವತ್ತ ಸಾಲಿ ಸುರು,
ಗುರುಜಿ ಪೆನ್ನಿನ್ಯಾಗ ಅದೊಂದ ತಾರೀಖು ಇತ್ತು.
ಅವ್ವ ಹೇಳತಿದ್ದಳು,
ಎಳ್ಳಮಾಸಿ ದಿನ ಹೊಲಕ್ಕ ಚರಗ ಚೆಲ್ಲಿ ಬಂದ ರಾತ್ರಿ ನೀ ಹುಟ್ಟಿದಿ,
ಬುತ್ತಿ ಬುಟ್ಟಿ ಇನ್ನಾ ಬಿಚ್ಚಿದ್ದಿಲ್ಲ.
ಇದನ್ನ ಬರಿಯಾಕ ಯಾವ ಹಾಳ್ಯಾಗೂ ಜಾಗ ಇಲ್ಲ.

ಅಕ್ಕನ ಮಗಳು ಸುವರ್ಣಾ ಫೋನಿನ್ಯಾಗ ತಕರಾರ ಹಾಕಿದಳು.
"ಈ ಸಾಲ ನಂದಲ್ಲ", ಅಲ್ಲೊಂದು ಬಟ್ಟು ಒತ್ತಿದಳು.
ಬ್ಯಾಂಕಿನವರು ಕಂಪನಿ ಕೇಳ್ರಿ ಅಂದರು.
ಕಂಪನಿ, ಸಾಲ ಕೊಟ್ಟವರನ್ನ ಕೇಳತೀವಿ ಅಂತು.
ಸಾಲ ಕೊಟ್ಟವರು ಲಾತೂರಿನಿಂದ ನನಗ ಫೋನ್ ಮಾಡಿ
ಗಾಡಿ ಎಲ್ಲಿ ಮುಚ್ಚಿಟ್ಟೀರಿ ಅಂದರು.

ಗಿರಣಿ ನಡಸೋರಿಗೆ ಒಂದು ಮಾತು ಗೊತ್ತಿರತದ.
ಮುಂದಿನವರ ಜ್ವಾಳ ಸುರವಿದಾಗ
ಮೊದಲ ಮುಷ್ಟಿ ಹಿಟ್ಟು ಹಿಂದಿನವರದು,
ಕಲ್ಲಿನ ಸಂದಿನ್ಯಾಗ ಉಳದದ್ದು.
ಶಾಂತವ್ವನ ಸಜ್ಜಿ ಮಾಸ್ತರರ ಗೋಧಿಯೊಳಗ ಬೀಳತದ,
ಇಲ್ಲೀತನಕ ಯಾರೂ ಜಗಳಾಡಿಲ್ಲ.
ಆದರ ಅರಿಷಿಣ ಬೀಸಿದ ಮ್ಯಾಲೆ
ಎರಡು ಮುಷ್ಟಿ ನುಚ್ಚು ಓಡಿಸಿ ಕಲ್ಲು ಸ್ವಚ್ಛ ಮಾಡತೀನಿ,
ಯಾರೂ ಹೇಳಬೇಕಾಗಿಲ್ಲ.
ಲಾತೂರಿನವರಿಗೆ ಇಷ್ಟ ಹೇಳಬೇಕಂತ ಇದ್ದೆ.
ಫೋನ್ ಇಟ್ಟಬಿಟ್ಟಿದ್ದರು.

ರಾತ್ರಿ ಅಕಿ ನೆನಪಾಗತಾಳ, ಉದಗೀರದ ನೀಲಾಬಾಯಿ.
ಅಕಿಗೆ ಯಾವ ಗುರುಜಿ ಜೂನ್ ಒಂದು ಕೊಟ್ಟರೋ.
ಗಾಡಿ ಯಾರಿಗೆ ಕೊಡಿಸಿದಳೋ, ಗಂಡಗೋ, ಮಗಗೋ.
ಮೊದಲ ಎರಡು ಹಪ್ತಾ ಸರಿಯಾಗಿ ಕಟ್ಟ್ಯಾಳ.
ಮೂರನೇದಕ್ಕ ಏನಾತು?
ತಿಂಗಳಾ ತಿಂಗಳಾ ಬರದಾರ, ಅದನ್ನ ಬರದಿಲ್ಲ.
ನನ್ನ ಐದನೇ ತಾರೀಖುಗಳು ಹೋಗಿ ಅಕಿ ಲೆಕ್ಕಕ್ಕ ಬಿದ್ದು,
ಅಲ್ಲಿ ಯಾವನೋ ಹುಡುಗ ಪರದೆ ತಿರುವಿ
"ಬೇಷ್ ಕಟ್ಟೀರಿ ಬಾಯಿ" ಅಂದಿರಬಹುದೇನ?
ಆಗ ಅಕಿ ಸುಮ್ಮನ ಇದ್ದಳೇನ?
ನಾ ಇದ್ದರ ಸುಮ್ಮನ ಇರತಿದ್ದೆ ಅನಸತದ.

ಮೂವತ್ತೆರಡನೇ ದಿನ ಹೊಸ ಹಾಳಿ ಬಂತು.
ಗಾಡಿ ಇಲ್ಲ. ಅಂಕಿ ಏಳುನೂರ ನಲವತ್ತೊಂದು.
ಸೋಲಾಪುರದಿಂದ ಡಂಕ ಬಂದು ಕೂತಿತು,
ಗಿರಣಿ ತುಂಬ ಸೀನು.

ಹಾಳಿ ಕೆಳಗ ವಿಳಾಸ ಬರದಿದ್ದರು, ಎರಡು.
ಒಂದು ಮೈಂದರ್ಗಿ ರಸ್ತಾ.
ಇನ್ನೊಂದು ಉದಗೀರದ್ದು, ಹಂಗ ಉಳದದ,
ತಾಂಬೋಳಿ ಗಲ್ಲಿ, ನಲವತ್ತೇಳು ಬಾರ ಎರಡು,
ಹಿಂದಿನ ಬಾಗಿಲ.

"ಚಿಗವ್ವ, ಇದಕ್ಕೂ ತಕರಾರ ಹಾಕೂಣೇನ?"
ಸೆರಗಿಗೆ ಕೈಯಾನ ಖಾರ ಒರಸಿಕೊಂಡು
ಇನ್ನೊಮ್ಮೆ ಓದಿದೆ,
ಗಲ್ಲಿ, ನಂಬರು, ಬಾಗಿಲ.

ನಾಳೆ ನೋಡೂಣು, ಅಂದೆ.